ಸುಂಕದ ಖೋಲಿಗೆ ಬಂದ ಶಾವಿಗೆ ಮಷೀನು

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಹೊಸತರಲ್ಲಿ ಎದುರು ಮನೆಯ ಅಂಗಳವನ್ನು ನೋಡುತ್ತ ನಿಲ್ಲುವುದೇ ನನಗೊಂದು ಕೆಲಸವಾಗಿತ್ತು. ಕವಲುಗೂಟಗಳ ಮೇಲೆ ಸಾಲಾಗಿ ಕೋಲು, ಕೋಲುಗಳ ಮೇಲೆ ಇಳಿಬಿದ್ದ ಹಸಿ ಶಾವಿಗೆ. ಬಿಸಿಲು ಅದರೊಳಗಿಂದ ಹಾದು ಸಾರಿಸಿದ ನೆಲದ ಮೇಲೆ ಗೆರೆಗೆರೆಯಾಗಿ ಬೀಳುತ್ತಿತ್ತು.

ಆ ಮನೆಯಾಕೆಯನ್ನು ಓಣಿಯೆಲ್ಲ ಬೂಬಮ್ಮ ಎನ್ನುತ್ತಿತ್ತು. ಗಂಡ ಪಂಪ್‌ಸೆಟ್ ರಿಪೇರಿಯವರು. ಗುಜರಿಯಿಂದ ತಂದ ಮೋಟರಿಗೆ ಬೆಲ್ಟು ಹಾಕಿ ಪಡಸಾಲೆಯಲ್ಲಿ ಶಾವಿಗೆ ಮಷೀನು ಕೂರಿಸಿಕೊಟ್ಟಿದ್ದರು. ಹೋಳಿಹುಣ್ಣಿಮೆ ದಾಟಿದರೆ ಸಾಕು, ತಂಬ್ರಹಳ್ಳಿ, ಹಂಪಸಾಗರದ ಹೆಂಗಸರು ಹಿಟ್ಟಿನ ಡಬ್ಬಿ ಹೊತ್ತು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು.

ಕಾನ್ವೆಂಟಿನಲ್ಲಿ ನನಗೆ ಕಸೂತಿ ಕಲಿಸಿದ್ದರು, ಹಿಟ್ಟು ನಾದುವುದನ್ನಲ್ಲ. ಮೊದಲ ಸಲ ನಾನು ಒಯ್ದ ಕಣಕವನ್ನು ಬೂಬಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ, "ತಂಗಿ, ಇದು ಚಪಾತಿ ಹಿಟ್ಟು. ಇದನ್ನ ಮಷೀನಿಗಿ ಹಾಕಿದ್ರ ಶಾವಿಗಿ ಅಲ್ಲ, ಗಂಜಿ ಬರ್ತೈತಿ" ಎಂದರು. ಎಲ್ಲರೂ ನಕ್ಕರು. ನಮ್ಮ ಅತ್ತೆಯವರ ನಗೆಯೇ ಜೋರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಓಣಿಯ ರಸ್ತೆ ಅಗಲ ಮಾಡುವುದೆಂದಾಯಿತು. ಕೆಂಪು ಬಣ್ಣದ ಗೆರೆ ಬೂಬಮ್ಮನ ಪಡಸಾಲೆಯ ನಡುಮಧ್ಯೆ ಬಿತ್ತು. ಹಿಂದಿನ ಕೋಣೆ, ಅಡುಗೆಮನೆ ಉಳಿಯುತ್ತಿದ್ದವು. ಮಷೀನಿನ ಜಾಗ, ಅಂಗಳ ಹೋಗುತ್ತಿದ್ದವು. ಗಂಡನಿಗೆ ಆಗಲೇ ಕಣ್ಣು ಮಸುಕಾಗಿತ್ತು. ಆ ಮನೆ ನಡೆಯುತ್ತಿದ್ದುದು ಬೇಸಿಗೆಯ ಶಾವಿಗೆಯಿಂದಲೇ.

ನಮ್ಮ ವಾರ್ಡಿನ ಮೆಂಬರರು ಕೆಟ್ಟವರೇನಲ್ಲ. ಬಸ್ ನಿಲ್ದಾಣದ ಹತ್ತಿರದ ಹೊಸ ಕಾಂಪ್ಲೆಕ್ಸಿನಲ್ಲಿ ಮಹಡಿಯ ಮೇಲಿನ ಮಳಿಗೆಯೊಂದನ್ನು ಕೊಡಿಸಲು ತಾವಾಗಿಯೇ ಓಡಾಡಿದರು.

"ಕರೆಂಟು ಐತಿ, ನಳ ಐತಿ. ಇನ್ನೇನು ಬೇಕು ನಿಮಗ?"

"ಬಿಸಿಲು ಬೇಕ್ರಿ, ಸಾಹೇಬ್ರ."

"ಮ್ಯಾಲ ಮಾಳಿಗಿ ಐತಲ್ಲವಾ! ಹೊತ್ಕೊಂಡು ಹೋಗಿ ಒಣಗಿಸಿದ್ರಾತು."

ಮಷೀನನ್ನು ಹರಪನಹಳ್ಳಿಯವರೊಬ್ಬರು ಕೇಳಿದ್ದಾರೆ, ಕೊಟ್ಟುಬಿಡುತ್ತೇನೆ ಎಂದು ಬೂಬಮ್ಮ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು. ಹೇಳುತ್ತ ಸೆರಗಿಗೆ ಅಂಟಿದ ಒಣಹಿಟ್ಟನ್ನು ಉಗುರಿನಿಂದ ಕೆರೆಯುತ್ತಲೇ ಇದ್ದರು. ಅತ್ತೆ ಅಂದು ಸರಿಯಾಗಿ ಉಣ್ಣಲಿಲ್ಲ.

ಮೆಂಬರರ ಮಗಳ ಮದುವೆ ಹತ್ತಿರದಲ್ಲಿತ್ತು. ಆ ವಾರ ಅವರ ಮನೆಯ ಶಾವಿಗೆಯೇ ಮಷೀನಿನಲ್ಲಿ ಇಳಿಯುತ್ತಿತ್ತು. ಹೆಂಡತಿಯನ್ನು ಕರೆದೊಯ್ಯಲು ಬಂದ ಅವರನ್ನು ಅತ್ತೆ ಬೂಬಮ್ಮನ ಬಾಗಿಲಲ್ಲೇ ಹಿಡಿದರು.

"ಬಾರಪ್ಪಾ, ಈ ಕೋಲು ಹಿಡಿ. ನಮ್ಮ ಮಾಳಿಗಿ ಹತ್ತಿ ಇಟ್ಟು ಬಾ."

"ಏನ್ ದೊಡ್ಡವ್ವ, ನನ್ನ ಕೂಲಿಗಿ ಹಚ್ಚೀಯೇನು?"

"ಮಗಳ ಮದುವಿ ಶಾವಿಗಿ ಹೊರಾಕೂ ಕೂಲಿ ಬೇಕೇನು?"

ಅವರು ಪಂಚೆ ಮೇಲೆ ಕಟ್ಟಿ, ಹಸಿ ಶಾವಿಗೆ ತೂಗುತ್ತಿದ್ದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿದರು. ನಮ್ಮ ಮೆಟ್ಟಿಲು ಕಡಿದಾದದ್ದು, ನಡುವೆ ಒಂದು ತಿರುವು. ತಿರುವಿನಲ್ಲಿ ಕೋಲು ಗೋಡೆಗೆ ತಾಗಿತು, ವಾರೆ ಮಾಡಿದರು, ಎಳೆಗಳೆಲ್ಲ ಒಂದು ತುದಿಗೆ ಜಾರಿದವು. ಮಾಳಿಗೆ ಮುಟ್ಟುವಷ್ಟರಲ್ಲಿ ಅರ್ಧ ಮೆಟ್ಟಿಲ ಮೇಲೆ, ಉಳಿದರ್ಧ ಒಂದಕ್ಕೊಂದು ಅಂಟಿ ಮುದ್ದೆ.

ಕೆಳಗಿನಿಂದ ಅವರ ಹೆಂಡತಿ ಕೂಗಿದರು: "ಹಗ್ಗ ಹೊಸೆದ್ರೇನು? ಬೀಗರಿಗೆ ಇದನ್ನ ಬಡಸ್ತೀರಾ?"

ಮೆಂಬರರೂ ನಕ್ಕುಬಿಟ್ಟರು. ಬೆರಳಿಗಂಟಿದ್ದನ್ನು ಬಿಡಿಸಿಕೊಳ್ಳುತ್ತ ಇಳಿದು ಬಂದು, ಬೂಬಮ್ಮ ಮಷೀನಿನ ಬಾಯಿಂದ ಎಳೆಗಳನ್ನು ಕೋಲಿಗೆ ತೆಗೆದುಕೊಂಡು, ತಿರುಗಿ, ಹೊಸ್ತಿಲು ದಾಟಿ ಬಿಸಿಲಿಗಿಡುವುದನ್ನು ನಿಂತು ನೋಡಿದರು.

"ಹಂಗಾರ ನೆಲದ ಮ್ಯಾಲ ಜಾಗ ಬೇಕು. ಎಲ್ಲೈತಿ, ನೀವ ತೋರಸ್ರಿ."

ತೋರಿಸಿದೆವು. ಹಿಂದೆ ಸಂತೆಗೆ ಬರುವ ಗಾಡಿಗಳಿಂದ ಸುಂಕ ವಸೂಲಿ ಮಾಡಲು ಕಟ್ಟಿದ ಖೋಲಿಯೊಂದು ಓಣಿಯ ತುದಿಯಲ್ಲಿ ಬಾಗಿಲಿಲ್ಲದೆ ನಿಂತಿತ್ತು. ಸುತ್ತ ಕಸ, ಅದರ ಗೋಡೆಗೆ ಗಂಡಸರು ನಿಲ್ಲುವುದರಿಂದ ನಾವು ಹೆಂಗಸರು ತಲೆ ತಗ್ಗಿಸಿ, ಮೂಗು ಮುಚ್ಚಿಕೊಂಡು ಸರಸರ ದಾಟುತ್ತಿದ್ದ ಮೂಲೆ ಅದು. ಆದರೆ ಮೂಡಣಕ್ಕೆ ಮುಖ, ಮುಂದೆ ಗಾಡಿ ನಿಲ್ಲುತ್ತಿದ್ದ ಬಯಲು.

"ಇದು ಪಂಚಾಯ್ತಿದು ದೊಡ್ಡವ್ವ. ಹರಾಜು ಆಗಬೇಕಾಕ್ಕೈತಿ."

"ಇಷ್ಟು ದಿನ ಇಲ್ಲಿ ಉಚ್ಚಿ ಹೊಯ್ದೋರು ಹರಾಜಿನ್ಯಾಗ ಹಿಡಿದಿದ್ರೇನಪ್ಪಾ?"

ಅತ್ತೆಯ ಆ ಮಾತನ್ನು ಮೆಂಬರರು ಮೀಟಿಂಗಿನಲ್ಲಿ ಹಾಗೆಯೇ ಹೇಳಿದರಂತೆ. ಕೆಲಸ ಮಾತಿನಷ್ಟು ಬೇಗ ಆಗಲಿಲ್ಲ. ಪಡಸಾಲೆ ಒಡೆದರು, ಮಳೆಗಾಲ ಹೋಯಿತು, ಮಷೀನು ಗೋಣಿಚೀಲ ಹೊದ್ದು ನಮ್ಮ ಕೊಟ್ಟಿಗೆಯಲ್ಲಿ ಕೂತಿತ್ತು. ಹರಪನಹಳ್ಳಿಯವರು ಮತ್ತೊಮ್ಮೆ ಬಂದು ಕೇಳಿದಾಗ ಬೂಬಮ್ಮ ಚಹಾ ಕೊಟ್ಟು, ಉತ್ತರ ಕೊಡದೆ ಕಳಿಸಿದರು. ಕೊನೆಗೆ ಕಡಿಮೆ ಬಾಡಿಗೆಗೆ ಖೋಲಿ ಸಿಕ್ಕಿತು. ಪಂಚಾಯ್ತಿ ಬಾಗಿಲು ಹಚ್ಚಿಸಿ, ಮೂಲೆಯಲ್ಲೊಂದು ದೀಪ ಹಾಕಿಸಿತು. ನಾವು ಓಣಿಯವರು ಕಸ ಬಳಿದು, ಸುಣ್ಣ ಹಚ್ಚಿದೆವು. ನನ್ನ ಯಜಮಾನರ ಕೂದಲಿಗೂ ಸುಣ್ಣ.

ಮುಂದಿನ ಬೇಸಿಗೆಗೆ ಬೆಲ್ಟು ತಿರುಗಿತು. ಖೋಲಿಯ ಇನ್ನೊಂದು ಬದಿಗೆ, ಮನೆಯಲ್ಲಿ ಬೆಳಕು ಸಾಲದೆ ಒದ್ದಾಡುತ್ತಿದ್ದ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಹೊಲಿಗೆ ಮಷೀನು ತಂದಿಟ್ಟಳು. ಸರಸರ ದಾಟುತ್ತಿದ್ದ ಮೂಲೆಯಲ್ಲಿ ನಾವೀಗ ಚೀಲ ಕೆಳಗಿಟ್ಟು ನಿಲ್ಲುತ್ತಿದ್ದೆವು.

ವಾರ ಕಳೆದಿರಲಿಲ್ಲ, ಬೂಬಮ್ಮ ಶುರು ಮಾಡಿದರು: "ಸಾಹೇಬ್ರ, ಇಲ್ಲಿ ಬಿಸಿಲು ಭಾಳ ಆತು. ಮಧ್ಯಾಹ್ನ ಎಳಿ ಪಟಪಟ ಮುರೀತಾವು."

ಮೆಂಬರರು ಕೈ ಮುಗಿದರು. "ಸೂರ್ಯಗ ಏನ್ ಮಾಡ್ಲಿ ಬೂಬಮ್ಮ? ಅವ ನಮ್ಮ ವಾರ್ಡಿನವ ಅಲ್ಲ."

ಅತ್ತೆ ಒಳಗೆ ಹೋಗಿ ಎರಡು ಹಳೆಯ ನೂಲಿನ ಸೀರೆ ತಂದರು. ಕೋಲುಗಳ ಮೇಲೆ ಅಡ್ಡಕ್ಕೆ ಕಟ್ಟಲು ನಾನು ಸ್ಟೂಲು ಹತ್ತಿದೆ. ಸಡಿಲವಾಯಿತು, ಇನ್ನೂ ಎಳಿ, ಅಲ್ಲಿ ಗಂಟು ಹಾಕು ಎಂದು ಕೆಳಗಿನಿಂದ ಅತ್ತೆ, ಬೂಬಮ್ಮ ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಗಾಳಿಗೆ ಹಸಿರು ಸೀರೆ ಉಬ್ಬಿ ಇಳಿದಾಗಲೆಲ್ಲ ಕೆಳಗಿನ ಬಿಳಿ ಶಾವಿಗೆ ಒಂದು ಗಳಿಗೆ ಎಳೆ ಹಸಿರಾಗುತ್ತಿತ್ತು.