ಶೋಭಾರಾಣಿಯ ನಾಲ್ಕು ಸ್ಲೇಟು

ಬೆಳಗಾದರೆ ಮಾಲೂರಿನ ಅರ್ಧ ಊರು ಬೆಂಗಳೂರಿನ ರೈಲಿಗೆ ಓಡುತ್ತದೆ. ಆ ಮಹಾಸೇನೆಗೆ ಎದುರಾಗಿ, ಟಿಫನ್ ಡಬ್ಬಿಯನ್ನು ಗದೆಯಂತೆ ಹಿಡಿದು ಸ್ಟೇಷನ್ನಿಗೆ ಬೆನ್ನು ಹಾಕಿ ನಡೆಯುವ ವೀರಾಗ್ರಣಿ ಶೋಭಾರಾಣಿ. ವಯಸ್ಸು ನಲವತ್ನಾಲ್ಕು, ಹುಟ್ಟೂರು ಸುಗಟೂರು, ಓದಿದ್ದು ಕೋಲಾರದ ಪಾಲಿಟೆಕ್ನಿಕ್ಕಿನಲ್ಲಿ. ಇಟ್ಟಿಗೆ ಗೂಡುಗಳ ಹೊಗೆ ದಾಟಿದರೆ ಸಿಗುವ ತಗಡಿನ ಶೆಡ್ಡೊಂದು ಅವಳ ಆಸ್ಥಾನ. ಅಲ್ಲಿ ಅಮರನಾಥ್ ಎಂಬ ಯಜಮಾನರು ಮಾವಿನ ಹಣ್ಣನ್ನು ಗಾತ್ರ, ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಮಾಡುತ್ತಾರೆ. ಬೆಲ್ಟು, ಮೋಟಾರು, ಕ್ಯಾಮೆರಾ ಎಲ್ಲ ಹೊರಗಿನಿಂದ ತಂದದ್ದು. ಒಳಗಿನ ಗಣಕದಲ್ಲಿ ಯಾರಿಗೆ ಎಷ್ಟು ಮೆಮೊರಿ, ಈಗ ಯಾರ ಸರದಿ ಎಂದು ತೀರ್ಪು ಕೊಡುವ ಕರ್ನಲ್ ಮಾತ್ರ ಶೋಭಾರಾಣಿಯದು. ಪೂರ್ತಿ ಅವಳು ಬರೆದದ್ದೇನಲ್ಲ. ಲೋಕವೇ ಬಳಸುವ ಕರ್ನಲನ್ನು ತಂದು ಹನ್ನೊಂದು ವರ್ಷ ಕತ್ತರಿಸಿ, ಹೊಲಿದು, ಮಾವಿನ ಮೈಗೆ ಸರಿಹೊಂದಿಸಿದ್ದಳು. ಆದರೂ "ನನ್ ಕರ್ನಲ್ಲು" ಎನ್ನುವಾಗ ಅವಳ ಗಲ್ಲ ಎರಡಂಗುಲ ಮೇಲೇಳುತ್ತಿತ್ತು.

ಈ ವರ್ಷದ ಮಾವಿನ ಕಾಲದಲ್ಲಿ ಆ ಗಲ್ಲಕ್ಕೆ ಕುತ್ತು ಬಂತು. ಶ್ರೀನಿವಾಸಪುರದ ಆಚೆ ಯಲ್ದೂರಿನಲ್ಲಿ ಚನ್ನರಾಯಪ್ಪನವರ ತೋಟದ ಯಂತ್ರ ಮೂರು ದಿನಕ್ಕೊಮ್ಮೆ ಕಲ್ಲಾಗಿ ನಿಲ್ಲುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಓಡುತ್ತದೆ. ಮೂರನೆಯ ದಿನ ಮತ್ತೆ ಅದೇ. ಶೋಭಾರಾಣಿ ಮೊದಲು ಯಲ್ದೂರಿನ ಕರೆಂಟನ್ನು ಬೈದಳು. ಆಮೇಲೆ ಧೂಳನ್ನು ಬೈದಳು. ಬೈಯಲು ಇನ್ನೇನೂ ಉಳಿಯದಾದಾಗ ತನ್ನ ಕೋಡನ್ನು ತೆರೆದು ನೋಡಿ, ಹೋದ ವಾರ ಒಂದು ರಿಪೇರಿ ಮಾಡಿ ಕಳಿಸಿದಳು. ಯಂತ್ರ ಮತ್ತೆ ನಿಂತಿತು.

ಅಮರನಾಥ್ ಕೂಗಾಡುವವರಲ್ಲ. ಅದೇ ಕಷ್ಟ. "ನೋಡಮ್ಮಾ," ಎಂದರು ಮೆತ್ತಗೆ, "ಶನಿವಾರ ಸಾಯಂಕಾಲ ಐದು ಗಂಟೆ ತನಕ ಟೈಮು. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಹೊರಗಿನವರ ರೆಡಿ ಪೆಟ್ಟಿಗೆ ತರಿಸಿಬಿಡ್ತೀನಿ. ಅವರ ಕರ್ನಲ್ಲು ಅವರೇ ನೋಡ್ಕೊಳ್ತಾರೆ. ನಿಮಗೂ ತಲೆನೋವು ತಪ್ಪುತ್ತೆ."

ಹನ್ನೊಂದು ವರ್ಷದ ತಲೆನೋವನ್ನು ಬಿಟ್ಟುಕೊಡುವುದುಂಟೇ! ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬೆನ್ನಿಗೆ ಕಟ್ಟಿ, ಎರಡು ಬಸ್ಸು ಬದಲಾಯಿಸಿ, ಶೋಭಾರಾಣಿ ಯಲ್ದೂರಿನಲ್ಲಿ ಇಳಿದಳು.

"ರಾಮ್ಮಾ ರಾ, ಇಂಜಿನೀರಮ್ಮ!" ಚನ್ನರಾಯಪ್ಪ ಶೆಡ್ಡಿನ ಬಾಗಿಲಲ್ಲೇ ಅರ್ಧ ತೆಲುಗಿನಲ್ಲಿ ಬರಮಾಡಿಕೊಂಡರು. "ನಿಮ್ ಮಿಷಿನ್ನು ನಮ್ ಭಾವಮೈದನ ಥರ ಕಣಮ್ಮ. ಎರಡು ದಿನ ದುಡೀತದೆ, ಮೂರನೇ ದಿನ ಮಲಗ್ತದೆ. ಅವನಿಗಾದ್ರೆ ಬೈಯಬೋದು."

"ಇವತ್ತು ಎಬ್ಬಿಸ್ತೀನಿ ಯಜಮಾನ್ರೇ. ಇನ್ನು ಮಲಗಲ್ಲ."

"ಹೋದ ವಾರಾನೂ ಇದೇ ಅಂದ್ರಿ."

ಬಾಣ ನೆಟ್ಟಗೆ ನಾಟಿತು. ಶೋಭಾರಾಣಿ ಯಂತ್ರದ ಮುಂದೆ ಕೂತು ಲ್ಯಾಪ್‌ಟಾಪು ಜೋಡಿಸಿದಳು.

ರೋಗ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾ ಒಂದೊಂದು ಹಣ್ಣಿನ ಚಿತ್ರ ತೆಗೆಯುವಾಗಲೂ ಅವಳ ಕೋಡು ಮೆಮೊರಿಯ ಕೆಲವು ಪುಟಗಳನ್ನು ಪಕ್ಕಕ್ಕಿಡುತ್ತದೆ. ಕೆಲಸ ಮುಗಿದ ಮೇಲೆ ವಾಪಸು ಕೊಡುತ್ತದೆ. ಪಕ್ಕಕ್ಕಿಟ್ಟದ್ದು ಎಷ್ಟು ಎಂದು ಕರ್ನಲ್ ಎಣಿಸುತ್ತಿರುತ್ತದೆ. ಗಣಕದಲ್ಲಿ ನಾಲ್ಕು ಕೋರುಗಳು, ಅಂದರೆ ನಾಲ್ಕು ಕೆಲಸಗಾರರು. ನಾಲ್ವರೂ ಒಂದೇ ಬೋರ್ಡಿನ ಮುಂದೆ ನೂಕಾಡಿದರೆ ಕೆಲಸ ಕೆಟ್ಟಿತು. ಅದಕ್ಕೇ ಒಬ್ಬೊಬ್ಬರ ಕೈಗೂ ಒಂದೊಂದು ಸ್ಲೇಟು. ಸ್ಲೇಟು ತುಂಬಿದಾಗ ಮಾತ್ರ ಅದರ ಎಣಿಕೆಯನ್ನು ಹಜಾರದ ದೊಡ್ಡ ಬೋರ್ಡಿಗೆ ಸುರಿಯಬೇಕು. ಒಬ್ಬ ಇಟ್ಟ ಪುಟವನ್ನು ಇನ್ನೊಬ್ಬ ವಾಪಸು ಕೊಟ್ಟು ತನ್ನ ಸ್ಲೇಟಿನಲ್ಲಿ ಕಳೆಯುವುದರಿಂದ ಒಂದೊಂದು ಸ್ಲೇಟು ಮೈನಸ್ಸಿಗೂ ಇಳಿಯುತ್ತದೆ. ಬೋರ್ಡು, ಸ್ಲೇಟು ಎಲ್ಲ ಕೂಡಿದರೆ ನಿಜವಾದ ಸಂಖ್ಯೆ.

ಬೆಳಗಿನ ಲೋಡು ಮುಗಿದು ಬೆಲ್ಟು ನಿಂತಿತ್ತು. ಒಂದು ಪುಟವೂ ಪಕ್ಕಕ್ಕಿರಲಿಲ್ಲ. ಆದರೆ ಎಣಿಕೆ ನಲವತ್ತೊಂದು ಎನ್ನುತ್ತಿತ್ತು. ಹೀಗೆ ಮೂರು ದಿನ ಸೇರಿದರೆ ಸಾಕು, ಇಷ್ಟೊಂದು ಪುಟ ವಾಪಸು ಬರುವ ತನಕ ಹೊಸದು ಕೊಡುವುದಿಲ್ಲ ಎಂದು ಕರ್ನಲ್ ಹಟ ಹಿಡಿಯುತ್ತದೆ. ಊಟ ಮುಗಿಸಿ ಮನೆ ಸೇರಿದ ನೆಂಟರಿಗೆ ಎಲೆ ಹಾಕಿ ಕಾದಂತೆ.

ಎಣಿಕೆ ಏರಿಸುವುದಕ್ಕೆ ಕರ್ನಲಿನಲ್ಲಿ ಎರಡು ದಾರಿ. ಒಂದು, ತಾನೇ ಬಾಗಿಲು ಹಾಕಿಕೊಂಡು ಬರೆಯುವ ದಾರಿ. ಇನ್ನೊಂದಕ್ಕೆ ಹೆಸರಿನ ಮುಂದೆ ಎರಡು ಅಡ್ಡಗೆರೆ ಇರುತ್ತವೆ. ಬಾಗಿಲು ನೀನೇ ನೋಡಿಕೋ ಎಂಬ ಎಚ್ಚರಿಕೆ ಅದು. ಕೊಂಚ ವೇಗ. ವೇಗಕ್ಕೆ ಮನಸೋತ ಶೋಭಾರಾಣಿ ಹೋದ ವರ್ಷ ಅಡ್ಡಗೆರೆಯದನ್ನೇ ಬಳಸಿದ್ದಳು. ಹೋದ ವಾರ ಬುದ್ಧಿ ಬಂದು, ಎಣಿಸುತ್ತಿರುವ ಕೆಲಸವನ್ನು ಅರ್ಧಕ್ಕೇ ಎಬ್ಬಿಸಿ ಇನ್ನೊಂದು ಕೋರಿಗೆ ಕಳಿಸಬಾರದೆಂದು ಕಟ್ಟುಮಾಡಿದ್ದಳು. ಕೂತವನು ಕೂತಲ್ಲೇ ಎಣಿಸುತ್ತಾನೆ. ಇನ್ನೇನು ತಪ್ಪಾದೀತು?

ಲ್ಯಾಪ್‌ಟಾಪಿನ ಬ್ಯಾಟರಿ ಇಳಿದಿತ್ತು. ಶೆಡ್ಡಿನ ಮೂಲೆಯಲ್ಲಿ ಚನ್ನರಾಯಪ್ಪನವರ ಹೆಂಡತಿ ಸುನಂದ ರಾಗಿ ರಾಶಿಯ ಮುಂದೆ ಕೂತು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುತ್ತಿದ್ದರು. ಮೊದಲ ಸೇರಿಗೆ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು. ಆಮೇಲೆ ಮುಂದಿನ ಸೇರು ತುಂಬುವ ತನಕ ಹಿಂದಿನ ಸಂಖ್ಯೆಯನ್ನೇ ಜಪಿಸುತ್ತಿರಬೇಕು.

"ಅಕ್ಕಾ, ಪ್ಲಗ್ಗು ಎಲ್ಲಿದೆ?"

"ಹದಿನೆಂಟು, ಹದಿನೆಂಟು, ಹದಿ... ಆ ಕಂಬದ ಹಿಂದ್ಗಡೆ ನೋಡಮ್ಮ, ಎರಡೈತೆ, ಮೇಲಿಂದು ಕೆಲ್ಸ ಮಾಡಲ್ಲ," ಎಂದ ಸುನಂದ ಸೇರು ಎತ್ತಿದವರು ಹಾಗೇ ಕೈ ತಡೆದರು. "ಅಯ್ಯೋ! ಇದು ಹದಿನೆಂಟನೇದಾ? ಹದಿನೆಂಟು ಸುರಿದಾಯ್ತಾ?"

"ನಂಗೇನು ಗೊತ್ತಕ್ಕ?"

"ಮನೆಗೆ ಬಂದೋರು ಕೇಳಿದ್ರೆ ಸುಮ್ಕಿರೋದು ಮರ್ಯಾದೆ ಅಲ್ಲ ಅಂತ ಬಾಯಿ ಬಿಟ್ಟೆ. ನೀನೇ ಕೆಡಿಸಿದ್ದು, ನೀನೇ ಅಳಿ. ಚೀಲ ಸುರೀತೀನಿ, ಲಾಭದಿಂದ ಶುರು ಮಾಡು."

ಹೀಗೆ ಕರ್ನಲಿನ ರಾಣಿ ಚಕ್ಕಳಮಕ್ಕಳ ಹಾಕಿ ರಾಗಿ ಅಳೆಯತೊಡಗಿದಳು. ಹದಿಮೂರಕ್ಕೆ ಬಂದಾಗ ಚನ್ನರಾಯಪ್ಪ ಬಂದು ನಿಂತರು.

"ಇದೇನಮ್ಮಾ, ಮಿಷಿನ್ ಬಿಟ್ಟು ಕೂಲಿಗೆ ಬಂದ್ರಾ?"

"ಹದಿಮೂರು, ಹದಿಮೂರು," ಎಂದಳು ಶೋಭಾರಾಣಿ, ಕಣ್ಣು ಕೆಕ್ಕರಿಸಿ.

"ಲೋಡು ಎರಡು ಗಂಟೆಗೆ ಬರ್ತೈತೆ."

"ಹದಿಮೂರು, ಹದಿಮೂರು, ಹದಿಮೂರು!"

ಸೇರು ಸುರಿದವಳೇ ಬೆರಗಾಗಿ ಕೂತಳು. ಸುನಂದಕ್ಕನನ್ನು ಯಾರೂ ಜಾಗದಿಂದ ಎಬ್ಬಿಸಿರಲಿಲ್ಲ. ಕೂತಲ್ಲೇ ಇದ್ದರು. ಆದರೂ ಎಣಿಕೆ ಕೆಟ್ಟಿತು, ತಾನು ಕರೆದದ್ದರಿಂದ! ಹೋದ ವಾರ ಅವಳು ತಡೆದದ್ದು ಎಬ್ಬಿಸುವವರನ್ನು, ಕರೆಯುವವರನ್ನಲ್ಲ. ಕ್ಯಾಮೆರಾ ಕರೆಯುತ್ತದೆ. ಆ ತುರ್ತು ಕರೆಗೆ ಇಂಟರಪ್ಟ್ ಎಂದು ಹೆಸರು. ಕೋರು ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಅದಕ್ಕೆ ಓಗೊಡಬೇಕು. ಕೆಲಸ ಸ್ಲೇಟಿನಲ್ಲಿ ಏಳು ಎಂದು ಓದುತ್ತದೆ, ಒಂದು ಸೇರಿಸಿ ಎಂಟು ಬರೆಯಬೇಕು. ಅಷ್ಟರಲ್ಲಿ ಕ್ಯಾಮೆರಾ ಕರೆದು, ಒಂದು ಪುಟ ವಾಪಸು ಕೊಟ್ಟು, ಅದೇ ಸ್ಲೇಟನ್ನು ಆರು ಮಾಡಿ ಹೋಗುತ್ತದೆ. ಮರಳಿದ ಕೆಲಸ ಇದನ್ನು ನೋಡದೆ ತನ್ನ ಎಂಟನ್ನೇ ಬರೆಯುತ್ತದೆ. ಇರಬೇಕಾದದ್ದು ಏಳು. ವಾಪಸು ಬಂದ ಪುಟ ಸ್ಲೇಟಿನಿಂದ ಮಾಯ.

"ಅಕ್ಕಾ, ಇನ್ನು ಉಳಿದದ್ದು ನೀವೇ ಅಳೀರಿ!" ಎಂದು ಎದ್ದಳು.

"ಎಷ್ಟಾಗಿತ್ತೇ?" ಎಂದು ಸುನಂದ ಕೂಗಿದರು.

"ಲೆಕ್ಕ ಪಕ್ಕಾ ಅಕ್ಕ. ಹದಿನಾಲ್ಕು!"

ಬದಲಿಸಿದ್ದು ಎರಡೇ ಸಾಲು. ಅಡ್ಡಗೆರೆಯದನ್ನು ಕಿತ್ತು, ಬಾಗಿಲು ಹಾಕಿಕೊಳ್ಳುವುದನ್ನು ಇಟ್ಟಳು. ಓದು, ಕೂಡು, ಬರೆ, ಈ ಮೂರು ಹೆಜ್ಜೆಯಷ್ಟು ಹೊತ್ತು ಆ ಕೋರು ಯಾರ ಕರೆಗೂ ಓಗೊಡುವುದಿಲ್ಲ. ಆಮೇಲೆ ಬಾಗಿಲು ತೆರೆದೇ ಇರುತ್ತದೆ. ಕ್ಯಾಮೆರಾಕ್ಕೆ ತಾನು ಕಾದದ್ದೂ ತಿಳಿಯುವುದಿಲ್ಲ. ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದಳು, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಯಿತು.

ಎರಡು ಗಂಟೆಯ ಬಾದಾಮಿ ಮಾವಿನ ಲೋಡು ಎರಡೂವರೆಗೆ ಬಂತು. ಬೆಲ್ಟು ಓಡಿತು. ಹಣ್ಣುಗಳು ದೊಡ್ಡದು, ಚಿಕ್ಕದು, ಮಚ್ಚೆಯದು ಎಂದು ಜಾತಿ ಹಿಡಿದು ಬುಟ್ಟಿಗೆ ಉರುಳಿದವು. ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಹಣ್ಣು ಇಳಿದು ಬೆಲ್ಟು ನಿಂತಿತು. ಕೂಡಿ ತೋರಿಸುವ ಪ್ರೋಗ್ರಾಮು ಅವಳ ಬಳಿ ಇತ್ತು. ಆದರೆ ಇಂದು ತನ್ನ ಕೋಡಿನ ಮೇಲೆ ಅವಳಿಗೇ ಕೊಂಚ ಮುನಿಸು, ಬಾಯಲ್ಲೇ ಕೂಡತೊಡಗಿದಳು. ಚನ್ನರಾಯಪ್ಪ, ಸುನಂದ ಹಿಂದೆ ನಿಂತು ಬಗ್ಗಿ ನೋಡಿದರು.

"ಬೋರ್ಡು ಮೂವತ್ತೆರಡು. ಮೊದಲ್ನೇ ಸ್ಲೇಟು ಮೈನಸ್ ಹದಿನೇಳು. ಹದಿನೈದು, ಹದಿನೈದು. ಎರಡನೇದು ನಾಲ್ಕು. ಹತ್ತೊಂಬತ್ತು..."

ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅಮರನಾಥ್.

"ಯಜಮಾನ್ರಲ್ವಾ? ಎತ್ತಮ್ಮಾ!" ಎಂದರು ಚನ್ನರಾಯಪ್ಪ.

"ಸುಮ್ಕಿರಿ! ಎಣಿಸ್ತವ್ಳೆ," ಎಂದು ಸುನಂದ ಗಂಡನ ತೋಳು ಹಿಡಿದು ಎಳೆದರು.

"ಹತ್ತೊಂಬತ್ತು, ಹತ್ತೊಂಬತ್ತು. ಮೂರನೇದು ಮೈನಸ್ ಇಪ್ಪತ್ತು. ಮೈನಸ್ ಒಂದು, ಮೈನಸ್ ಒಂದು..."

ಫೋನು ಹೊಡೆದು ಹೊಡೆದು ಸುಸ್ತಾಗಿ ನಿಂತಿತು.

"ನಾಲ್ಕನೇದು ಒಂದು." ಶೋಭಾರಾಣಿ ಉಸಿರು ಬಿಟ್ಟಳು. "ಸೊನ್ನೆ."

ಗಲ್ಲ ತನ್ನ ಎರಡಂಗುಲವನ್ನು ಏರಿ, ಬಡ್ಡಿಗೆಂಬಂತೆ ಇನ್ನರ್ಧ ಏರಿತು. ಆಮೇಲೆ ನಿಧಾನವಾಗಿ, ಸುನಂದ ಕೊಟ್ಟ ಹಣ್ಣಿನ ಸಿಪ್ಪೆ ಬಿಡಿಸುತ್ತಾ, ಅಮರನಾಥರಿಗೆ ತಾನೇ ಫೋನು ಮಾಡಿದಳು.

"ಸಾರ್, ಆ ಪೆಟ್ಟಿಗೆ ಬೇಡ. ನನ್ ಕರ್ನಲ್ಲೇ ಇರತ್ತೆ."