ಹರಳೆಣ್ಣೆ ಏಳದ ದಿನ

ನಾನು ಚಿಕ್ಕವಳಿದ್ದಾಗ ಕಾಮಗೆರೆಯ ನಮ್ಮ ಮನೆಗೆ ಅಂಗಡಿಯ ಹರಳೆಣ್ಣೆ ಬರುತ್ತಿರಲಿಲ್ಲ. ಹೊಲದ ಬದುವಿನಲ್ಲಿ ಬೆಳೆದ ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ಆ ಮುದ್ದೆಯನ್ನು ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲಿ ಬರುತ್ತಿತ್ತು. ಅದನ್ನು ಸೌಟಿನಲ್ಲಿ ಬಳಿದು ತೆಗೆಯುತ್ತಿದ್ದರು. ‘ಎಣ್ಣೆ ಏಳುವುದು’ ಎಂದು ಅದಕ್ಕೆ ಹೆಸರು. ಏಳುವ ಹೊತ್ತಿನಲ್ಲಿ ಕೆಟ್ಟ ಕಣ್ಣು ಬಿದ್ದರೆ ಎಣ್ಣೆ ಏಳುವುದಿಲ್ಲವೆಂದು ನಮ್ಮಜ್ಜಿ ಬಲವಾಗಿ ನಂಬಿದ್ದಳು.

ಆ ವರ್ಷ ಅವ್ವ ತಮ್ಮನನ್ನು ಹೆತ್ತಿದ್ದಳು. ಮಗುವಿನ ನೆತ್ತಿಗೆ ಹಾಕಲು ಹರಳೆಣ್ಣೆ ಬೇಕಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡ ಅಕ್ಕ ಅದೇ ಸಮಯಕ್ಕೆ ಹನೂರಿನ ಅತ್ತೆಮನೆಯಿಂದ ಬಂದಿದ್ದಳು. ಅಲ್ಲಿ ಅವಳಿಗೆ ಹೊಟ್ಟೆತುಂಬ ಊಟವೂ ಇರಲಿಲ್ಲ. ಇಲ್ಲೇ ಇದ್ದುಬಿಡುತ್ತೇನೆಂದು ಅಪ್ಪನನ್ನು ಬೇಡಿಕೊಂಡಿದ್ದಳು. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಅಜ್ಜಿಗೂ ಅವಳಿಗೂ ಮಾತ್ರ ಎಣ್ಣೆ ಸೀಗೆಕಾಯಿ.

ಹಿತ್ತಿಲ ಒಲೆಯ ಮೇಲೆ ದೊಡ್ಡ ಮಡಕೆ ಏರಿತು. ಹುರಿದ ಹರಳಿನ ಗಾಟು ಮೂಗಿಗೆ ಅಡರುತ್ತಿತ್ತು. ಅಜ್ಜಿಗೆ ಆತುರ. ಸೌದೆಯ ಮೇಲೆ ಸೌದೆ ತುರುಕಿದಳು. ನೀರು ಕೊತಕೊತ ಕುದಿದು, ಎಣ್ಣೆಯೂ ನೀರೂ ಕಲೆಸಿಕೊಂಡು ಬೆಳ್ಳಗೆ ನೊರೆನೊರೆಯಾಯಿತು. ಎಣ್ಣೆ ಏಳಲೇ ಇಲ್ಲ. ಮಗುವನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅಕ್ಕ ಆಗ ಅಜ್ಜಿಯ ಕಣ್ಣಿಗೆ ಬಿದ್ದಳು.

“ಗಂಡನ್ನ ನುಂಗ್ಕಂಡವ್ಳು ಬಂದು ಕಣ್ ಬುಟ್ರೆ ಎಣ್ಣೆ ಎಲ್ಲಿಂದ ಎದ್ದದು? ಮಗೀನ ಕೆಳೀಕ್ ಮಡಗು, ಒಳೀಕ್ ಓಗು!”

“ಉರಿ ಜಾಸ್ತಿ ಆಗದೆ ಕಣಜ್ಜಿ. ಒಸಿ ಸೌದೆ ಈಚೆಗ್ ಎಳಿ,” ಎಂದಳು ಅಕ್ಕ. ಅಜ್ಜಿ ಮಗುವನ್ನು ಕಿತ್ತುಕೊಂಡಳು. ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಣ್ಣೆಯ ಆಸೆ ಬಿಟ್ಟ ಅಜ್ಜಿ ಬೈಯುತ್ತಲೇ ಒಲೆಯ ಬೆಂಕಿ ಆರಿಸಿದಳು.

ಸಂಜೆ ನಾನೇ ಮಡಕೆಯೊಳಗೆ ಇಣುಕಿದೆ. ನೊರೆಯೆಲ್ಲ ಇಳಿದು, ಜೇನಿನ ಬಣ್ಣದ ಎಣ್ಣೆ ನೀರಿನ ಮೇಲೆ ದಪ್ಪಗೆ ನಿಂತಿತ್ತು. ಅಕ್ಕನ ಮೇಲಿನ ದೂರು ಕಳೆಯಿತೆಂದು ಕುಣಿಯುತ್ತ ಎಲ್ಲರನ್ನೂ ಕೂಗಿದೆ. ಅಜ್ಜಿ ಬಂದು ನೋಡಿ ಅಪ್ಪನ ಕಡೆ ತಿರುಗಿದಳು.

“ನೋಡ್ಲಾ, ಅವ್ಳು ಒಳೀಕ್ ಓದ್ಲು, ಎಣ್ಣೆ ಎದ್ಬುಡ್ತು. ಇನ್ನೇನ್ ಸಾಕ್ಷಿ ಬೇಕು ನಿಂಗೆ?”

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮಾರನೆಯ ದಿನ ಅಪ್ಪ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹನೂರಿನಲ್ಲಿ ಬಿಟ್ಟುಬಂದ. ಅಜ್ಜಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಪ್ಪನನ್ನಂತೂ ಇಲ್ಲವೇ ಇಲ್ಲ.

ಮೊನ್ನೆ, ಮೊಮ್ಮಕ್ಕಳೇ, ನೀವೆಲ್ಲ ಶಾಲೆಯ ಪಾಠಕ್ಕೆಂದು ಬಾಟಲಿಗೆ ನೀರು, ಎಣ್ಣೆ ಹಾಕಿ ಕುಲುಕಿದಿರಿ. ಬೆಳ್ಳಗಾಯಿತು. ಮೇಜಿನ ಮೇಲಿಟ್ಟು ಸುತ್ತ ಮುತ್ತಿಕೊಂಡು, ಕಣ್ಣರಳಿಸಿ ನೋಡುತ್ತ ಕುಳಿತಿರಿ. ಎಣ್ಣೆ ತನ್ನಷ್ಟಕ್ಕೆ ಮೇಲೆ ಬಂತು. “ಸಕ್ಕರೆ ನೀರಲ್ಲಿ ಕರಗಿಹೋಗುತ್ತೆ, ಎಣ್ಣೆ ಸೇರೋದೇ ಇಲ್ಲ ಅಜ್ಜಿ, ಅದರ ಗುಣವೇ ಅಷ್ಟು,” ಎಂದು ನನಗೇ ಪಾಠ ಹೇಳಿದಿರಿ. ನಿಮ್ಮಲ್ಲಿ ಯಾರಿಗೂ ಯಾರೂ ಒಳಗೆ ಹೋಗೆನ್ನಲಿಲ್ಲ. ಯಾರು ನೋಡಿದರೂ ಎಣ್ಣೆ ಮೇಲೆ ಬರುತ್ತದೆ, ಮಕ್ಕಳೇ. ನಮ್ಮಕ್ಕ ನೋಡುತ್ತ ನಿಂತಿದ್ದರೂ ಬರುತ್ತಿತ್ತು.