ಜೋಪಾನ ಮೇಷ್ಟ್ರ ಬೀರು

ಲೆಕ್ಕದ ಟೀಚರ್ ಜೋಪಾನ ಮೇಷ್ಟ್ರನ್ನು ಮೊದಲು ಕಂಡದ್ದು ಶಾಲೆಯ ಹಿಂಬದಿಯ ನಲ್ಲಿಯ ಹತ್ತಿರ. ಅದು ಆಕೆ ಕೆಲಸಕ್ಕೆ ಸೇರಿದ ಮೊದಲ ದಿನ. ಎಲ್ಲಿ ತಡವಾಗಿಬಿಡುತ್ತದೋ ಎಂದು ಹೆದರಿ ಗೇಟು ತೆಗೆಯುವ ಮೊದಲೇ ಬಂದು ನಿಂತಿದ್ದಳು. ತೆಗೆದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಕಟ್ಟಡವನ್ನು ಒಂದು ಸುತ್ತು ಹಾಕುವಾಗ, ನಲ್ಲಿಯ ಕಟ್ಟೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ಒಬ್ಬರು ಕಂಡರು. ಐವತ್ತರ ಆಸುಪಾಸು. ಬಿಳಿ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಎದುರಿಗೆ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ನೀಲಿ ಪುಡಿ. ಅದನ್ನು ಗುಂಡುಕಲ್ಲಿನಿಂದ ನುಣ್ಣಗೆ ಅರೆಯುತ್ತಿದ್ದರು. ಪಕ್ಕದ ತಗಡಿನ ಡಬ್ಬಿಯಲ್ಲಿ ಉಗುರಿನಷ್ಟುದ್ದದ ಚಾಕ್‌ಪೀಸ್ ಚೂರುಗಳು, ಒಂದೊಂದು ಬಣ್ಣವೂ ಒಂದೊಂದು ಕಾಗದದ ಪೊಟ್ಟಣದಲ್ಲಿ.

"ಹೊಸ ಟೀಚರಾ?" ಅವರು ತಲೆ ಎತ್ತದೆಯೇ ಕೇಳಿದರು.

"ಹೌದು. ಲೆಕ್ಕಕ್ಕೆ."

"ಒಳ್ಳೇದಾಯ್ತು. ಲೆಕ್ಕದವರು ಬೋರ್ಡ್ ತುಂಬಾ ಬರೀತೀರಿ. ಕೊನೇ ಚೂರು ಬಿಸಾಕ್ಬೇಡಿ ತಾಯಿ, ನನಗೆ ಕೊಡಿ."

"ಏನು ಮಾಡ್ತೀರಿ ಅದನ್ನ?"

"ಆಕಾಶ," ಎಂದು ಅವರು ಕಲ್ಲಿನ ಮೇಲಿನ ನೀಲಿಯನ್ನು ತೋರಿಸಿದರು. "ಐದನೇ ಕ್ಲಾಸಿಗೆ ಇವತ್ತು ಆಕಾಶ. ಒಂಚೂರು ಗೋಂದು ಸೇರಿಸಿದ್ರೆ ಕಾಗದ ಬಿಟ್ಟು ಏಳಲ್ಲ."

ಏಳುವ ಮುಂಚೆ ಕಲ್ಲಿನ ಸಂದಿಯಲ್ಲಿ ಉಳಿದ ಪುಡಿಯನ್ನೂ ಬೆರಳಿನಿಂದ ಬಳಿದು ಡಬ್ಬಿಗೆ ಹಾಕಿಕೊಂಡರು. ಹಳ್ಳಿಯಲ್ಲಿ ಬೆಳೆದ ಆಕೆಗೆ ಆ ಬೆರಳಿನ ಆಟ ಗುರುತಿತ್ತು. ಅವಳಮ್ಮ ಎಣ್ಣೆಯ ಸೌಟನ್ನು ಹೀಗೇ ಬಳಿಯುತ್ತಿದ್ದಳು. ಆ ಶಾಲೆಯಲ್ಲಿ ಆಕೆಗೆ ಮೊದಲು ಹತ್ತಿರದವರೆನಿಸಿದ್ದು ಅವರೇ.

ಅವರು ಚಿತ್ರಕಲೆಯ ಮೇಷ್ಟ್ರು. ಯಾರು ಏನೇ ಮುಟ್ಟಿದರೂ "ಜೋಪಾನ, ಜೋಪಾನ" ಎನ್ನುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಜೋಪಾನ ಮೇಷ್ಟ್ರು ಆಗಿದ್ದರು. ಅವರದು ಕಾಯಂ ಕೆಲಸವಲ್ಲ. ಶಾಲೆಗಳಲ್ಲಿ ಕಲೆ ಕಲಿಸಲೆಂದು ಸರ್ಕಾರ ಕೊಡುವ ಅನುದಾನದಲ್ಲಿ ಅವರ ಸಂಬಳ, ಮಕ್ಕಳ ಬಣ್ಣ, ಕುಂಚ, ಕಾಗದ ಎಲ್ಲವೂ ಬರುತ್ತಿದ್ದವು. ವರ್ಷ ವರ್ಷವೂ ಅದು ಮುಂದುವರಿಯಬೇಕು. ಮುಂದುವರಿದರೆ ಮೇಷ್ಟ್ರು ಉಂಟು, ಇಲ್ಲದಿದ್ದರೆ ಇಲ್ಲ.

ಅವರ ಕೋಣೆ ಮೆಟ್ಟಿಲ ಕೆಳಗಿತ್ತು. ಒಂದು ಬದಿ ನೆಟ್ಟಗೆ ನಿಂತರೆ ತಲೆಗೆ ಚಾವಣಿ ತಾಗುತ್ತಿತ್ತು. ಅಲ್ಲೊಂದು ಕಬ್ಬಿಣದ ಬೀರು, ಅದರ ಕೀಲಿ ಮೇಷ್ಟ್ರ ಸೊಂಟದಲ್ಲಿ. ಅದರೊಳಗೆ ಅನುದಾನದ ಬಣ್ಣಗಳಿದ್ದವು. ತಿಂಗಳಿಗೊಮ್ಮೆ ಬೀರು ತೆರೆದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಟ್ಯೂಬುಗಳನ್ನು ತೋರಿಸಿ, ಹೊಸ ಕಾಗದದ ಮೇಲೆ ಕೈಯಾಡಿಸಲು ಬಿಟ್ಟು, ಮತ್ತೆ ಬೀಗ ಹಾಕುತ್ತಿದ್ದರು. ಮಕ್ಕಳು ಬರೆಯುತ್ತಿದ್ದದ್ದು ಚಾಕ್‌ಪೀಸಿನ ಬಣ್ಣ, ಇದ್ದಿಲು, ಇಟ್ಟಿಗೆ ಪುಡಿ, ಹಳೆಯ ಕ್ಯಾಲೆಂಡರಿನ ಬೆನ್ನು, ಇಷ್ಟರಲ್ಲೇ.

"ಒಳಗಿರೋದನ್ನ ಯಾವಾಗ ಕೊಡ್ತೀರಿ ಮೇಷ್ಟ್ರೇ? ಮಕ್ಕಳಿಗೆ ಮೀಸೆ ಬಂದ ಮೇಲಾ?" ಎಂದು ಆಕೆ ಒಂದು ದಿನ ಚುಡಾಯಿಸಿದಳು.

ಅವರು ನಗಲಿಲ್ಲ. "ಹಿಂದಿನ ಶಾಲೇಲಿ ಬಂದ ವಾರಾನೇ ಎಲ್ಲಾ ಬಿಚ್ಚಿ ಕೊಟ್ಟೆ ಟೀಚರಮ್ಮ. ಹಬ್ಬಾನೇ ಹಬ್ಬ. ಆಮೇಲೆ ಮುಂದಿನ ವರ್ಷದ್ದು ಬರಲೇ ಇಲ್ಲ. ಆ ಹುಡುಗ್ರು ಬರೀ ಕೈಲಿ ಕೂತು ನನ್ನ ಮುಖ ನೋಡ್ತಿದ್ರಲ್ಲ, ಅದನ್ನ ನಾನು ಇನ್ನೊಂದು ಸಲ ನೋಡಲ್ಲ. ಇವರ ಕೈ ಕುದುರಲಿ. ನಾಳೆ ಅನುದಾನ ನಿಂತರೂ ಬೀರು ತುಂಬಿರುತ್ತೆ."

ಅದು ಸರಿ ಎಂದೇ ಆಕೆಗೂ ಅನ್ನಿಸಿತು. ಹೊಸದನ್ನು ಎತ್ತಿಟ್ಟು ಹಳೆಯದರಲ್ಲಿ ದಿನ ದೂಡುವುದು ಆಕೆ ಹುಟ್ಟಿದ ಮನೆಯಲ್ಲೂ ಕಲಿಸಬೇಕಾದ ವಿಷಯವೇ ಆಗಿರಲಿಲ್ಲ.

ಮೇಷ್ಟ್ರ ಹೆಂಡತಿಗೆ ಮಾತ್ರ ಇದು ಕಂಡರಾಗದು. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಒಮ್ಮೆ ಲೆಕ್ಕದ ಟೀಚರ್ ರವಿಕೆ ಬಟ್ಟೆ ಕೊಡಲು ಹೋದಾಗ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದರು: "ಮದುವೇಲಿ ನಮ್ಮಪ್ಪ ಹೊಲಿಸಿಕೊಟ್ಟ ಅಂಗಿ ಇನ್ನೂ ಪೆಟ್ಟಿಗೇಲಿದೆ ನೋಡಮ್ಮ. ಒಳ್ಳೇ ದಿನಕ್ಕೆ ಹಾಕ್ಕೋತೀನಿ ಅಂತ ಇಟ್ರು. ಹೊಟ್ಟೆ ಬಂತು, ಒಳ್ಳೇ ದಿನ ಬರ್ಲಿಲ್ಲ."

"ನೀನು ಹೊಲಿದು ಅಗಲ ಮಾಡ್ಕೊಡು, ನಾಳೇನೇ ಹಾಕ್ಕೋತೀನಿ," ಎಂದರು ಮೇಷ್ಟ್ರು ಒಳಗಿನಿಂದ.

"ಅಂಗೀನ ಅಗಲ ಮಾಡಬಹುದು. ಬುದ್ಧೀನ?"

ಮರುವರ್ಷ ಅನುದಾನ ಹೇಗೆ ಬಳಕೆಯಾಗುತ್ತಿದೆ ಎಂದು ನೋಡಲು ಒಬ್ಬ ಮಹಿಳಾ ಅಧಿಕಾರಿ ಬಂದರು. ಹೆಡ್‌ಮಾಸ್ಟರು ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡಿದ್ದರು. ಮೇಷ್ಟ್ರ ಮುಖದಲ್ಲಿ ಮಾತ್ರ ಒಂದು ಗೆರೆ ಆತಂಕವಿರಲಿಲ್ಲ. ಮಕ್ಕಳ ಚಿತ್ರಗಳನ್ನು ಹಗ್ಗಕ್ಕೆ ಸಿಕ್ಕಿಸಿದ್ದರು. ಅಧಿಕಾರಿ ಒಂದೊಂದರ ಮುಂದೆಯೂ ನಿಂತು ನೋಡಿದರು. "ತುಂಬಾ ಚೆನ್ನಾಗಿದೆ," ಎಂದರು. ಅದು ಬಾಯಿಮಾತಲ್ಲ ಎನ್ನುವುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. "ಇಲಾಖೆಯಿಂದ ಕೊಟ್ಟ ಬಣ್ಣ ಯಾವುದು ಇದರಲ್ಲಿ?"

ಮೇಷ್ಟ್ರು ಈ ಗಳಿಗೆಗೇ ಕಾದವರಂತೆ ಸೊಂಟದಿಂದ ಕೀಲಿ ತೆಗೆದು ಬೀರಿನ ಎರಡೂ ಬಾಗಿಲು ಅಗಲವಾಗಿ ತೆರೆದರು. ಕೆಳಗಿನ ಹಲಗೆಯಿಂದ ಮೇಲಿನವರೆಗೆ ಪೆಟ್ಟಿಗೆಗಳು, ಮಕ್ಕಳಿಗೆ ತೋರಿಸಲು ಬಿಚ್ಚಿದ್ದ ಒಂದನ್ನು ಬಿಟ್ಟರೆ ಯಾವುದರ ಅಂಟು ಕಾಗದವನ್ನೂ ಕಿತ್ತಿರಲಿಲ್ಲ.

"ಒಂದೂ ಹಾಳು ಮಾಡಿಲ್ಲ ಮೇಡಂ. ಬಂದ ಹಾಗೇ ಇದೆ."

ಅಧಿಕಾರಿ ಒಂದು ಪೆಟ್ಟಿಗೆಯನ್ನು ಎತ್ತಿ ಅದರ ಮೇಲಿನ ವರ್ಷ ಓದಿದರು. ಬಾಗಿಲಲ್ಲಿ ನಿಂತಿದ್ದ ಲೆಕ್ಕದ ಟೀಚರಿಗೆ ಮುಂದೇನಾಗುತ್ತದೆ ಎಂದು ಹೊಳೆಯಿತು. ಮೇಷ್ಟ್ರು ಇನ್ನೂ ಹೊಗಳಿಕೆಗೆ ಕಾಯುತ್ತ ನಿಂತಿದ್ದರು.

"ಮೊದಲ ವರ್ಷದ್ದೂ ಬಳಸಿಲ್ವಾ?"

"ಇಲ್ಲ ಮೇಡಂ. ಜೋಪಾನ ಮಾಡಿದೀನಿ."

ಹೆಡ್‌ಮಾಸ್ಟರು ನಡುವೆ ಬಾಯಿ ಹಾಕಿದರು. "ಅಂದ್ರೆ, ಮುಂದಿನ ತಿಂಗಳಿಂದ ಕೊಡೋಣ ಅಂತ…"

"ನೋಡಿ ಸಾರ್," ಅಧಿಕಾರಿ ಮೇಷ್ಟ್ರ ಕಡೆ ತಿರುಗಿ ದನಿ ತಗ್ಗಿಸಿದರು. "ನಿಮ್ಮ ಮಕ್ಕಳ ಚಿತ್ರ ನನಗೆ ಇಷ್ಟ ಆಯ್ತು. ಆದರೆ ನಾನು ಬರೆಯಬೇಕಾದ್ದು ಕೊಟ್ಟ ಸಾಮಾನು ಬಳಕೆ ಆಗಿದೆಯಾ ಅಂತ. ಬಳಸದೇ ಇದ್ರೆ ಬೇಕಾಗಿಲ್ಲ ಅಂತಲೇ ಅರ್ಥ. ಚಾಕ್‌ಪೀಸಲ್ಲೇ ಇಷ್ಟು ಚೆನ್ನಾಗಿ ನಡೆಯುತ್ತಲ್ಲ, ದುಡ್ಡು ಯಾಕೆ ಅಂತ ಮೇಲಿನವರು ಕೇಳ್ತಾರೆ. ನಾನೇನು ಹೇಳಲಿ?"

ಮೇಷ್ಟ್ರು ಅಧಿಕಾರಿಯ ಮುಖವನ್ನೂ ಬೀರುವನ್ನೂ ಒಂದಾದ ಮೇಲೊಂದರಂತೆ ನೋಡಿದರು.

ಮಾರನೆಯ ದಿನ ಅವರು ಶಾಲೆಗೆ ಬಂದವರೇ ಪೆಟ್ಟಿಗೆಗಳ ಅಂಟು ಕಾಗದ ಕಿತ್ತು ಟ್ಯೂಬುಗಳನ್ನೆಲ್ಲ ಐದನೇ ಕ್ಲಾಸಿನ ಮೇಜುಗಳ ಮೇಲೆ ಸುರಿದರು. ಪಕ್ಕದ ಕ್ಲಾಸಿನಲ್ಲಿದ್ದ ಲೆಕ್ಕದ ಟೀಚರ್ ಸದ್ದು ಕೇಳಿ ಬಾಗಿಲಿಗೆ ಬಂದು ನಿಂತಳು. ಮೊದಲ ವರ್ಷದ ಟ್ಯೂಬುಗಳು ಹಿಸುಕಿದರೆ ಜಗ್ಗಲಿಲ್ಲ, ಒಳಗೆ ಕಲ್ಲಾಗಿದ್ದವು. ಆಮೇಲಿನವು ಚೆನ್ನಾಗಿದ್ದವು. ಆದರೆ ಮಕ್ಕಳು ಮುಟ್ಟಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಿಂಗಳಿಗೊಮ್ಮೆ ಬೀರಿನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದರು.

"ತಗೊಳ್ರೋ! ನಿಮ್ದೇ ಇದು."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೆಂಪು ಟ್ಯೂಬನ್ನು ತೆರೆದು ಕುಂಚದ ತುದಿಗೆ ಸಾಸಿವೆಯಷ್ಟು ಬಣ್ಣ ತೆಗೆದುಕೊಂಡಳು. ಮುಚ್ಚಳ ಬಿಗಿಯಾಗಿ ತಿರುಗಿಸಿದಳು. ಆ ಒಂದು ಕಾಳು ಬಣ್ಣಕ್ಕೆ ನೀರು ಸೇರಿಸಿ ಸೇರಿಸಿ ಇಡೀ ಮನೆಯ ಹೆಂಚಿಗೆ ಸವರಿದಳು. ಕಾಗದದ ಮೇಲೆ ಕೆಂಪು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

"ಇಷ್ಟು ಸಾಕಾ ಸಾರ್?"

"ಜಾಸ್ತಿ ಹಚ್ಚು," ಎಂದರು ಮೇಷ್ಟ್ರು.

"ಮುಗಿದುಹೋಗುತ್ತೆ ಸಾರ್."

"ಮುಗೀಲಿ! ಹಚ್ಚು ಅಂದ್ನಲ್ಲ! ಪೂರ್ತಿ ಹಿಂಡು!"

ಅವರು ಕಿರುಚಿದ್ದನ್ನು ಆ ಶಾಲೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಹುಡುಗಿ ಕುಂಚ ಕೆಳಗಿಟ್ಟು ಅಳತೊಡಗಿದಳು. ತಾನೇನೋ ತಪ್ಪು ಮಾಡಿದೆ, ಜಾಸ್ತಿ ತೆಗೆದುಕೊಂಡುಬಿಟ್ಟೆ ಎಂದೇ ಅವಳು ತಿಳಿದಿದ್ದಳು. ಮೇಷ್ಟ್ರು ಅವಳ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟರು. ಗಂಟೆ ಹೊಡೆದ ಮೇಲೂ ಏಳಲಿಲ್ಲ.

ಸ್ವಲ್ಪ ದಿನದಲ್ಲಿ ಆದೇಶ ಬಂತು. ಶಾಲೆಯ ಹೆಸರು ಅನುದಾನದ ಪಟ್ಟಿಯಿಂದ ಹೋಗಿತ್ತು. ಉಳಿದ ಸಾಮಾನನ್ನು ಬೇರೆ ಶಾಲೆಗೆ ಕೊಡಲು ವಾಪಸು ಕಳಿಸಬೇಕಿತ್ತು, ಕಳಿಸಿದ್ದೂ ಆಯಿತು. ಲೆಕ್ಕದ ಟೀಚರ್ ಮೇಷ್ಟ್ರನ್ನು ಕರೆದುಕೊಂಡು ಇಲಾಖೆಯ ಕಚೇರಿಗೆ ಹೋದಳು. ಓದಿದವಳು ತಾನು, ಬಿಡಿಸಿ ಹೇಳಿದರೆ ಯಾರಾದರೂ ಕೇಳಿಯಾರು ಎಂಬ ನಂಬಿಕೆ ಆಗ ಇನ್ನೂ ಇತ್ತು. ಅದೇ ಅಧಿಕಾರಿ ಇಬ್ಬರನ್ನೂ ಕೂರಿಸಿ ಪೂರ್ತಿ ಕೇಳಿಸಿಕೊಂಡರು.

"ತಪ್ಪು ಉದ್ದೇಶದಿಂದ ಮಾಡಿದ್ದಲ್ಲ ಅಂತ ನನಗೂ ಗೊತ್ತು. ಬರೆದೂ ಬರೆದೆ. ಮೇಲೆ ಯಾರೂ ಓದಲಿಲ್ಲ ಅನ್ಸುತ್ತೆ. ಎರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿ."

"ಅಷ್ಟೊತ್ತಿಗೆ ಈ ಮಕ್ಕಳು ಶಾಲೆ ಬಿಟ್ಟಿರ್ತಾರೆ ಮೇಡಂ," ಎಂದಳು ಲೆಕ್ಕದ ಟೀಚರ್.

"ಬೇರೆ ಮಕ್ಕಳು ಬಂದಿರ್ತಾರಲ್ಲಮ್ಮ."

ಹೊರಗೆ ಬಂದಾಗ ಮೊಗಸಾಲೆಯ ಮೂಲೆಯಲ್ಲಿ ಮುರಿದ ಕುರ್ಚಿಗಳ ಮೇಲೆ ಅವರ ಶಾಲೆಯ ಪೆಟ್ಟಿಗೆಗಳನ್ನೇ ಪೇರಿಸಿಟ್ಟಿದ್ದು ಕಂಡಿತು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಡೀರಿ ತಾಯಿ, ಬಸ್ಸು ಹೋಗುತ್ತೆ," ಎಂದು ಮುಂದೆ ನಡೆದರು.

ಚಿತ್ರಕಲೆಯ ಪೀರಿಯಡ್ಡನ್ನು ಹೆಡ್‌ಮಾಸ್ಟರು ಲೆಕ್ಕಕ್ಕೆ ಕೊಟ್ಟರು. "ನಿಮಗೇ ಲಾಭ ಬಿಡಿ," ಎಂದರು. ಆಕೆ ಮೊದಲ ಕೆಲವು ವಾರ ಆ ಹೊತ್ತಿನಲ್ಲಿ ಮಕ್ಕಳಿಗೆ ಏನಾದರೂ ಬರೆದುಕೊಳ್ಳಿ ಎಂದು ಬಿಟ್ಟಳು. ಅವರು ಪೆನ್ಸಿಲ್ ಹಿಡಿದು ಬಾಗಿಲ ಕಡೆ ನೋಡುತ್ತಿದ್ದರು. ಪರೀಕ್ಷೆ ಹತ್ತಿರ ಬಂತು, ಪಾಠ ಹಿಂದೆ ಬಿದ್ದಿತ್ತು. ಒಂದು ದಿನ ಆಕೆ ಭಿನ್ನರಾಶಿ ಶುರು ಮಾಡಿದಳು. ಯಾರೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮೇಷ್ಟ್ರು ಇನ್ನೂ ಕೆಲವು ಶಾಲೆಗಳ ಬಾಗಿಲು ಬಡಿದರು. ಅನುದಾನ ಇದ್ದಲ್ಲಿ ಆಗಲೇ ಬೇರೆ ಮೇಷ್ಟ್ರಿದ್ದರು, ಮೇಷ್ಟ್ರಿಲ್ಲದಲ್ಲಿ ಅನುದಾನವಿರಲಿಲ್ಲ. ಮನೆಯಲ್ಲಿ ಹೆಂಡತಿ ಈಗ ಅವರನ್ನು ಆಡಿಕೊಳ್ಳುವುದನ್ನು ಬಿಟ್ಟಿದ್ದಾರೆ. ಲೆಕ್ಕದ ಟೀಚರ್ ಹೋದಾಗ ಕುರ್ಚಿ ಎಳೆದು ಕೊಟ್ಟು, "ಅವರ ಹತ್ತಿರ ಶಾಲೆ ಮಾತು ಎತ್ತಬೇಡ ಕಣಮ್ಮ," ಎಂದಷ್ಟೇ ಹೇಳುತ್ತಾರೆ.

ಜೋಪಾನ ಮೇಷ್ಟ್ರು ಈಗ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಒಗೆದು ಒಣಗಿ ಬಂದ ಹಾಸಿಗೆ ಬಟ್ಟೆಗಳ ಮೂಲೆಗೆ ಕಪ್ಪು ಶಾಯಿಯಲ್ಲಿ ವಾರ್ಡಿನ ನಂಬರು ಒತ್ತುತ್ತಾರೆ.